ಗೋಲ್‌ಕೀಪರನ ಎಡಭುಜ

ಬೆಳಗಾವಿಯಲ್ಲಿ ಅಡಿವೆಪ್ಪ ಎಂಬ ಸಾಹುಕಾರನಿದ್ದ. ಎರಡು ಫೌಂಡ್ರಿ, ಮೂರಂತಸ್ತಿನ ಮನೆ, ಊರಲ್ಲಿ ಮರ್ಯಾದೆ. ಇಷ್ಟೆಲ್ಲ ಇದ್ದವನಿಗೆ ಇನ್ನೇನು ಬೇಕು? ನೋಡಿ, ಬೇಕಾದದ್ದು ಇನ್ನೊಂದು ಇದ್ದೇ ಇರುತ್ತದೆ. ‘ಅಡಿವೆಪ್ಪ ಹೇಳಿದ್ದು ಖರೇ ಆತು’ ಅಂತ ನಾಲ್ಕು ಜನ ಅನ್ನಬೇಕು. ಅದು ಅವನ ಹಸಿವು.

ಆ ಹಸಿವಿಗೆ ಅವನು ಹಿಡಿದ ದಾರಿ ಫ್ಯಾಂಟಸಿ ಫುಟ್‌ಬಾಲ್. ಗೊತ್ತಿಲ್ಲದ ಹಿರಿಯರಿಗಾಗಿ ಹೇಳುತ್ತೇನೆ. ಪಂದ್ಯ ಆಡುವ ಎರಡು ತಂಡಗಳಿಂದ ಹನ್ನೊಂದು ಜನರನ್ನು ಆರಿಸಿ ಮೊಬೈಲಿನಲ್ಲಿ ನಿಮ್ಮದೇ ತಂಡ ಕಟ್ಟುತ್ತೀರಿ. ಅವರು ಚೆನ್ನಾಗಿ ಆಡಿದರೆ ನಿಮಗೆ ಅಂಕ. ಓಡುವವರು ಅವರು, ಬೀಳುವವರು ಅವರು, ಗೆಲ್ಲುವವರು ನೀವು! ಅಡಿವೆಪ್ಪನ ಬಳಗದಲ್ಲಿ ಹಣದ ಮಾತಿರಲಿಲ್ಲ. ಗೆದ್ದವನ ಹೆಸರು ಪಟ್ಟಿಯ ಮೇಲೆ ಬರುತ್ತಿತ್ತು, ಅಷ್ಟೇ. ಪ್ರತಿ ಪಂದ್ಯಕ್ಕೆ ಮುಂಚೆ ಯಾರನ್ನು ಆರಿಸಬೇಕು, ಯಾರನ್ನು ಬಿಡಬೇಕು ಎಂದು ಅವನು ಧ್ವನಿಸಂದೇಶ ಕಳಿಸುತ್ತಿದ್ದ. ಎಂಟುನೂರು ಜನ ಅದಕ್ಕಾಗಿ ಕಾಯುತ್ತಿದ್ದರು.

ಒಂದು ಶನಿವಾರ ಸೆಮಿಫೈನಲ್. ಹಸಿರು ಅಂಗಿಯ ತಂಡಕ್ಕೂ ಕೆಂಪು ಅಂಗಿಯ ತಂಡಕ್ಕೂ ಪಂದ್ಯ; ಹೆಸರು ನಮಗೆ ಬೇಡ. ಅಡಿವೆಪ್ಪ ಮೂರು ದಿನ ಲೆಕ್ಕ ಹಾಕಿದ. ಕೆಂಪು ತಂಡದ ಮುಂಚೂಣಿಯವನು ಬಲಗಡೆಯಿಂದ ನುಗ್ಗಿ ಬಂದು ಕೀಪರನ ಎಡಗಡೆಯ ಮೂಲೆಗೆ ಎತ್ತರಕ್ಕೆ ಹೊಡೆಯುತ್ತಾನೆ. ಹಸಿರು ತಂಡದವರು ಹತ್ತು ದಿನದಲ್ಲಿ ಮೂರನೆಯ ಪಂದ್ಯ ಆಡುತ್ತಿದ್ದಾರೆ, ಕಾಲು ಸೋತಿವೆ. ಎಲ್ಲ ಗೊತ್ತಾಯಿತು. ಒಂದೇ ಗೊತ್ತಾಗಲಿಲ್ಲ. ಹಸಿರು ತಂಡದ ಗೋಲ್‌ಕೀಪರ್ ಓಂಕಾರ ಎರಡು ಪಂದ್ಯಗಳಲ್ಲಿ ಐದು ಗೋಲು ಬಿಟ್ಟಿದ್ದ. ಅದು ದುರದೃಷ್ಟವೋ, ಬೇರೇನಾದರೂ ಇದೆಯೋ?

ಓಂಕಾರ ಅದೇ ಊರಿನ ಹುಡುಗ. ಅವನ ತಂದೆ ತುಕಾರಾಮ ಬೊಂಗಾಳೆ ದರ್ಜಿ. ಇಪ್ಪತ್ತು ವರ್ಷ ಅಡಿವೆಪ್ಪನ ಅಂಗಿ ಹೊಲಿದವನು. ಅಷ್ಟೂ ವರ್ಷ ಬಟ್ಟೆ ಡ್ರೈವರನ ಕೈಯಲ್ಲೇ ಹೋಗುತ್ತಿತ್ತು. ಆ ಗುರುವಾರ ಸಾಹುಕಾರ ತಾನೇ ಹೋದ.

ತುಕಾರಾಮ ಕತ್ತರಿ ಬಿಟ್ಟು ಎದ್ದು ನಿಂತ. ಕುರ್ಚಿ ಒರೆಸಿದ. ಚಹಾ ತರಿಸಿದ.

“ಹುಡುಗ ಹ್ಯಾಂಗದಾನೋ ತುಕಾರಾಮ? ಆರಾಮ ಅದಾನ?”

ತುಕಾರಾಮ ಬಾಗಿಲ ಕಡೆ ನೋಡಿದ. ಆಮೇಲೆ ಹತ್ತಿರ ಬಂದ. “ನಿಮ್ಮ ಹೊಟ್ಟ್ಯಾಗ ಇರ್ಲಿ ಸಾಹುಕಾರ್ರ. ಎಡಭುಜ ಭಾಳ ಬ್ಯಾನಿ ಐತ್ರಿ, ಕೈ ಮ್ಯಾಲ ಹೋಗವಲ್ದು. ಇದೊಂದು ಆಟ ಮುಗೀಲಿ, ನಾನ ಹೋಗಿ ಟೀಮಿನ ಡಾಕ್ಟರಿಗೆ ಹೇಳ್ತೀನಪ್ಪಾ ಅಂದಾನ. ಅವರವ್ವಗೂ ನಾ ಹೇಳಿಲ್ರಿ.”

“ಏನೂ ಆಗೂದಿಲ್ಲ ಬಿಡು, ದೇವರದಾನ,” ಎಂದು ಅಡಿವೆಪ್ಪ ಅವನ ಕೈ ಹಿಡಿದ. ತುಕಾರಾಮನ ಕಣ್ಣು ತುಂಬಿ ಬಂದವು. ಅಡಿವೆಪ್ಪನಿಗೂ ಕೆಡುಕೆನಿಸಿತು, ಸುಳ್ಳಲ್ಲ, ನಿಜವಾಗಿಯೂ ಕೆಡುಕೆನಿಸಿತು. ಆದರೆ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಮರುಕ ಇಳಿದು ಹಿಗ್ಗು ಏರಿತ್ತು. ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಾಯಿತಲ್ಲ!

ಕಾರಿನಲ್ಲೇ ಕೂತು ಧ್ವನಿಸಂದೇಶ ಕಳಿಸಿದ. “ಹಸರು ತಂಡದ ಕೀಪರ್‌ನ ತಗೋಬ್ಯಾಡ್ರಿ. ಎಡಭುಜ ಹೋಗೇತಿ. ಮನ್ಯಾವರ ಬಾಯಿಂದನ ಕೇಳೀನಿ. ಕೆಂಪಿನವರ ಮೂರೂ ಫಾರ್ವರ್ಡ್ ಹಾಕ್ರಿ.”

ಎಂಟುನೂರು ಜನ ಕೇಳಿದ್ದು ಎಂಟು ಸಾವಿರವಾಗಲು ಎಷ್ಟು ಹೊತ್ತು ಬೇಕು? ಶುಕ್ರವಾರ ಮಧ್ಯಾಹ್ನ ಅದು ಹಸಿರು ತಂಡದ ತರಬೇತುದಾರನ ಕಿವಿಗೂ ಬಿತ್ತು. ಅವನು ಓಂಕಾರನನ್ನು ಕರೆದು, “ಕೈ ಎತ್ತು,” ಎಂದ. ಕೈ ಮೇಲೇಳಲಿಲ್ಲ.

ಶನಿವಾರ ಬೇರೊಬ್ಬ ಕೀಪರ್ ನಿಂತ. ಕೆಂಪು ತಂಡ ನಾಲ್ಕು ಗೋಲು ಹೊಡೆಯಿತು. ಅಡಿವೆಪ್ಪನ ಹೆಸರು ಪಟ್ಟಿಯ ತುದಿಗೆ ಬಂತು. ದಾರಿಯಲ್ಲಿ ಸಿಕ್ಕವರೆಲ್ಲ ಕೈಕುಲುಕಿದರು. ಗಾಯ ಮುಚ್ಚಿಟ್ಟವನನ್ನು ನಂಬುವುದು ಹೇಗೆ ಎಂದು ತಂಡದವರು ಓಂಕಾರನ ಕರಾರು ಮುಂದುವರಿಸಲಿಲ್ಲ.

ಮರುವಾರ ತುಕಾರಾಮ ಹೊಲಿದ ಅಂಗಿಗಳನ್ನು ಹಿಡಿದು ಫೌಂಡ್ರಿಗೆ ಬಂದ. ಕೂರು ಎಂದರೂ ಕೂರಲಿಲ್ಲ. ಮೊಬೈಲ್ ತೆಗೆದು ಆ ಧ್ವನಿಯನ್ನು ಹಾಕಿದ. ಅಡಿವೆಪ್ಪ ತನ್ನ ಮಾತನ್ನು ತಾನೇ ಪೂರ್ತಿ ಕೇಳಬೇಕಾಯಿತು.

“ನಾ ನಿನ್ನ ಹೆಸರ ಹೇಳಿಲ್ಲಲ್ಲೋ,” ಎಂದ.

“ಇಲ್ರಿ, ಹೇಳಿಲ್ಲ. ಮಗ ನನ್ನ ಕೇಳ್ದಾ, ಅಪ್ಪಾ ಯಾಕ ಹೇಳ್ದಿ ಅಂತ. ಅವರು ನಿನ್ನ ಬಗ್ಗೆ ಕೇಳಿದ್ರೋ, ಅದಕ್ಕ ಹೇಳ್ದೆ ಅಂದೆ. ಎಲ್ಲಾರೂ ಎಷ್ಟ ಗೋಲ ಬಿಟ್ಟಾ ಅಂತ ಕೇಳ್ತಿದ್ರು. ಹ್ಯಾಂಗದಾನ ಅಂತ ಕೇಳಿದವರು ನೀವೊಬ್ರ ಇದ್ರಿ.”

ಅಂಗಿಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಹುಡುಗನ ಭುಜಕ್ಕೆ ಆಪರೇಷನ್ ಬೇಕಾಯಿತು; ಅದನ್ನು ತಾನು ಮಾಡಿಸುತ್ತೇನೆಂದು ಅಡಿವೆಪ್ಪ ಹೇಳಿ ಕಳಿಸಿದ. ತುಕಾರಾಮ ಕೈಮುಗಿದು ಬೇಡವೆಂದ. ಭುಜ ವಾಸಿಯಾಯಿತು. ಆದರೆ ಓಂಕಾರ ದೊಡ್ಡ ತಂಡಕ್ಕೆ ಮರಳಲಿಲ್ಲ; ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಕಲಿಸುತ್ತಾನೆ. ಅಡಿವೆಪ್ಪ ಆ ಬಳಗ ಬಿಟ್ಟ. ಬಳಗಕ್ಕೇನು? ಲೆಕ್ಕ ಹೇಳಲು ಇನ್ನೊಬ್ಬ ಸಿಕ್ಕ. ತುಕಾರಾಮ ಇವತ್ತಿಗೂ ಸಾಹುಕಾರನ ಅಂಗಿ ಹೊಲಿಯುತ್ತಾನೆ. ಅಳತೆ ಕೇಳುತ್ತಾನೆ, ಬೇರೇನೂ ಮಾತಾಡುವುದಿಲ್ಲ.

‘ಗಾಯ ಮುಚ್ಚಿಟ್ಟಿದ್ದು ಹುಡುಗನ ತಪ್ಪಲ್ಲವೇ?’ ಎಂದು ನೀವು ಕೇಳಬಹುದು. ತಪ್ಪೇ. ಆದರೆ ಅದನ್ನು ಹೇಳಬೇಕಾದವನು ಅವನು. ಹೇಳುತ್ತೇನೆ ಎಂದೂ ಅಂದಿದ್ದ. ಅಡಿವೆಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿತ್ತೇ? ಇರಲಿಲ್ಲ. ಅದಕ್ಕೇ ಆ ಗುರುವಾರ ಅವನಿಗೆ ತನ್ನ ತಪ್ಪು ಕಾಣಲಿಲ್ಲ.

ಅಡಿವೆಪ್ಪ ಬೆಳಗಾವಿಯಲ್ಲಿ ಮಾತ್ರ ಇದ್ದಾನೆಯೇ? ಆಸ್ಪತ್ರೆಗೆ ಹಣ್ಣು ಹಿಡಿದು ಹೋಗುತ್ತೇವೆ. ‘ರಿಪೋರ್ಟಿನಲ್ಲಿ ಏನು ಬಂತಮ್ಮಾ?’ ಎಂದು ಕೇಳುತ್ತೇವೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಮೂರು ಫೋನು. ಪಕ್ಕದ ಮನೆಯ ಮಗಳು ತವರಿಗೆ ಬಂದರೆ ‘ಯಾಕವ್ವಾ ಸೊರಗೀದಿ?’ ಎನ್ನುತ್ತೇವೆ, ಅವಳು ಹೇಳಿದ್ದು ಸಂಜೆಗೆ ನಲ್ಲಿಯ ಹತ್ತಿರ ಎಲ್ಲರ ಬಾಯಲ್ಲಿ. ಕೇಳಿದ್ದು ಅವರಿಗಾಗಿಯೇ, ನಮಗಾಗಿಯೇ?

ಇವತ್ತು ಇಲ್ಲಿಂದ ಎದ್ದು ಹೋಗುವಾಗ ಇಷ್ಟು ಮಾಡಿ. ‘ಹೇಗಿದ್ದೀಯಪ್ಪಾ’ ಎಂದು ಬಾಯಿ ತೆರೆಯುವ ಮೊದಲು, ಉತ್ತರ ತೆಗೆದುಕೊಂಡು ಏನು ಮಾಡುತ್ತೇನೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಸುದ್ದಿಗಾಗಿ ಆದರೆ, ಕೇಳಲೇಬೇಡಿ. ಕೇಳಿದಿರೋ, ಅಲ್ಲೇ ಕೂತು ಪೂರ್ತಿ ಕೇಳಿ. ಕೈಲಾದದ್ದು ಮಾಡಿ. ಆಮೇಲೆ ಮನೆಗೆ ಹೋಗಿ, ನಿಮ್ಮ ಹೆಂಡತಿ ಕೇಳಿದರೂ, ಗಂಡ ಕೇಳಿದರೂ, ‘ಅದು ಅವರ ಮಾತು’ ಎಂದು ಸುಮ್ಮನೆ ಊಟಕ್ಕೆ ಕೂತುಕೊಳ್ಳಿ.