ಬಾಗಿಲಲ್ಲಿ ಯೂನುಸನ ದನಿ

ಅಂಜೂರದ ಮರದ ಕೆಳಗಿನ ಬಾವಿ ದಾಟದೆ ಯೂನುಸನ ಮನೆಗೆ ಬೇರೆ ದಾರಿಯಿರಲಿಲ್ಲ. ಇದು ನಮ್ಮ ಸಲಾ ಬಂದರಿನಲ್ಲಿ, ನಮ್ಮದೇ ಓಣಿಯಲ್ಲಿ ನಡೆದದ್ದು. ಅವನ ಮನೆಗೆ ಗೋಡೆ ತಾಗಿದ ಮನೆ ನನ್ನ ಸೋದರಮಾವನದು. ಇದನ್ನು ನನಗೆ ಹೇಳಿದ್ದು ಆ ಮಾವನೇ, ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

ಆ ರಾತ್ರಿ ಯೂನುಸ್ ಕಡಲ್ಗಳ್ಳರ ಹಡಗಿನ ಯಜಮಾನ ಜಾಫರನ ಮನೆಯಲ್ಲಿ ಊಟ ಮುಗಿಸಿ ಬರುತ್ತಿದ್ದ. ಹೊಟ್ಟೆ ತುಂಬ ಕುಸ್ಕುಸು, ಕಿವಿ ತುಂಬ ಹೊಗಳಿಕೆ. ಊರಿನ ಹುಡುಗರಿಗೆ ಕಡಲ್ಗಳ್ಳರೆಂದರೆ ಮಿಂಚುವ ಕತ್ತಿ, ಬೆಳ್ಳಿಯ ಪೆಟ್ಟಿಗೆ, ಬಿರುಗಾಳಿಯಲ್ಲಿ ನಗುವ ಗಂಡಸರು. ಆ ಸಲದ ಬೇಟೆ ಏನು ಗೊತ್ತೇ? ಒಂದು ಮೀನುದೋಣಿ. ಅದರಲ್ಲಿ ಬುಟ್ಟಿ ತುಂಬ ಬೂತಾಯಿ ಮೀನು, ಒಬ್ಬ ಬೆಸ್ತ, ಅವನ ಪುಟ್ಟ ಮಗಳು. ಯಾರ ಕತ್ತಿಯೂ ಒರೆಯಿಂದ ಹೊರಗೆ ಬರಲಿಲ್ಲ. ಯೂನುಸನ ದನಿಯೇ ಸಾಕಾಗಿತ್ತು.

ಅವನ ಕೆಲಸವೇ ಅದು. ಸ್ಪೇನಿನ ದೊರೆ ಯೂನುಸನ ಜನರನ್ನೆಲ್ಲ ಓಡಿಸಿದಾಗ ಹೊಲ ಮನೆ ಅಲ್ಲೇ ಉಳಿದವು, ಅಲ್ಲಿನ ನುಡಿಯೊಂದೇ ನಾಲಿಗೆಯ ಮೇಲೆ ಕುಳಿತು ಕಡಲು ದಾಟಿ ನಮ್ಮೂರಿಗೆ ಬಂತು. ಜಾಫರ್ ಸ್ಪೇನಿನ ಬಾವುಟ ಏರಿಸುತ್ತಿದ್ದ. ಯೂನುಸ್ ಹಡಗಿನ ಮೂತಿಯಲ್ಲಿ ನಿಂತು ಆ ನುಡಿಯಲ್ಲಿ ಕೂಗುತ್ತಿದ್ದ.

"ಹೆದರಬೇಡ ಅಣ್ಣಾ... ನಾವು ನಿಮ್ಮವರೇ. ಕಳ್ಳರು ಬೆನ್ನು ಹತ್ತಿದ್ದಾರೆ. ಒಂದು ಗುಟುಕು ನೀರು ಕೊಡು."

ಬೆಸ್ತ ಓಡಲಿಲ್ಲ. ನೀರಿನ ಹೂಜಿ ಎತ್ತಿ ಕೈಚಾಚಿದ. ಚಾಚಿದ ಕೈಗೇ ಕೊಕ್ಕೆ ಬಿತ್ತು. ಆ ಗಾಯ ದಾರಿಯಲ್ಲಿ ಕೊಳೆಯಿತು. ಸಾಯುವ ತನಕ ಅವನು ಕೇಳಿದ್ದು ನೀರು. ಹಡಗಿನಲ್ಲಿ ನೀರು ಕಮ್ಮಿಯಿತ್ತು, ಕೊಡಲಿಲ್ಲ. ಹೆಣವನ್ನು ಕಡಲಿಗೆ ನೂಕಿದರು. ಮಗಳನ್ನು ಸಂತೆಯಲ್ಲಿ ಮಾರಿದರು. ಊಟದ ಮನೆಯಲ್ಲಿ ಇದನ್ನು ಯಾರೂ ಹೇಳಲಿಲ್ಲ. ಆ ಕೂಗನ್ನು ಇನ್ನೊಮ್ಮೆ ಕೂಗಿ ತೋರಿಸು ಎಂದರು, ಅಷ್ಟೇ. ಯೂನುಸ್ ತೋರಿಸಿದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. "ನಿನ್ನ ಗಂಟಲಲ್ಲಿ ಇರೋದು ಜೇನೋ ಬಲೆಯೋ ಮಾರಾಯ?" ಎಂದು ಜಾಫರ್ ಬೆನ್ನು ತಟ್ಟಿದ.

ಬಾವಿಯ ಹತ್ತಿರ ಬಂದಾಗ ಗಾಳಿ ನಿಂತಿತ್ತು. ರಾಟೆ ತಾನಾಗಿ ತಿರುಗಿತು. ಕಿರ್ರ್... ಕಿರ್ರ್... ಕೊಡ ಕೆಳಗಿಳಿಯಿತು. ಗುಳುಂ... ಆಮೇಲೆ ತಳದಿಂದ ಒಂದು ದನಿ, ಮೆಲ್ಲಗೆ.

"ಹೆದರಬೇಡ ಅಣ್ಣಾ... ನಾವು ನಿಮ್ಮವರೇ."

ಅದು ಯೂನುಸನದೇ ದನಿ. ಅದೇ ಜೇನು, ಅದೇ ಎಳೆತ. ಯಾರಲ್ಲಿ ಎಂದು ಕೇಳಲು ಅವನು ಬಾಯಿ ತೆರೆದ. ತುಟಿ ಆಡಿತು. ಗಂಟಲಿನಿಂದ ಬಂದದ್ದು ಹಸ್... ಎಂಬ ಬರಿಯ ಉಸಿರು. ಕೆಮ್ಮಿದ, ಕೆಮ್ಮಿಗೂ ಸದ್ದಿಲ್ಲ. ಅಷ್ಟರಲ್ಲಿ ದನಿ ಬಾವಿಯಲ್ಲಿರಲಿಲ್ಲ. ಓಣಿಯೊಳಗೆ, ಅವನಿಗಿಂತ ಮುಂದೆ, ಅವನ ಮನೆಯ ದಿಕ್ಕಿಗೆ ಹೋಗುತ್ತಿತ್ತು. ಕಲ್ಲುಹಾಸಿನ ಮೇಲೆ ಒದ್ದೆ ಕಾಲಿನ ಸದ್ದು... ಚಪ್... ಚಪ್...

ಮನೆಯಲ್ಲಿ ಹೆಂಡತಿ ಉಮ್ಹಾನಿ, ಹಲ್ಲು ಬೀಳುವ ವಯಸ್ಸಿನ ಮಗಳು ಜಹ್ರಾ. ಇಬ್ಬರೇ. ಯೂನುಸ್ ಓಡಿದ.

ಬಾಗಿಲ ಮುಂದೆ ಯಾರೂ ಕಾಣಲಿಲ್ಲ. ದನಿ ಮಾತ್ರ ಇತ್ತು. "ಜಹ್ರಾ... ತೆಗಿ ಮಗಳೇ. ಕಳ್ಳರು ಬೆನ್ನು ಹತ್ತಿದ್ದಾರೆ."

ತೆಗೆಯಬೇಡಿ ಎಂದು ಹೇಳಲು ಅವನಿಗೆ ಉಳಿದಿದ್ದದ್ದು ಕೈಯೊಂದೇ. ಎರಡೂ ಮುಷ್ಟಿಗಳಿಂದ ಬಾಗಿಲು ಬಡಿದ. ದಬ್... ದಬ್...

"ಯಾರ್ರೀ ಅದು ಬಡಿಯೋದು?" ಒಳಗೆ ಉಮ್ಹಾನಿಯ ದನಿ ನಡುಗಿತು.

"ಕಳ್ಳನೇ ಕಣೇ. ಹಿಂದೇನೇ ಬಂದುಬಿಟ್ಟ. ಬೇಗ ತೆಗಿ..." ಎಂದಿತು ಆ ದನಿ.

ಆಗ ಯೂನುಸನಿಗೆ ಹೊಳೆಯಿತು. ತಾನು ಬಡಿದಷ್ಟೂ ಒಳಗಿನವರಿಗೆ ದಿಗಿಲು. ದಿಗಿಲಾದಷ್ಟೂ ಬೇಗ ಅಗುಳಿ ಸರಿಯುತ್ತದೆ. ಎಷ್ಟು ದೋಣಿಗಳ ಹತ್ತಿರ ಈ ಆಟ ಆಡಿದ್ದ. ಕೈ ಕೆಳಗೆ ಬಿಟ್ಟ. ಉಸಿರು ಹಿಡಿದು, ತನ್ನ ಮನೆಯ ಹೊಸ್ತಿಲಲ್ಲೇ ಕಳ್ಳನ ಹಾಗೆ ನಿಂತ.

ಟಕ್.

ಬಾಗಿಲು ತೆರೆಯಿತು. ಒದ್ದೆ ಹಾಯಿಯಂಥದ್ದು ಏನೋ ತಣ್ಣಗೆ ಅವನ ಭುಜ ಸವರಿಕೊಂಡು ಒಳಗೆ ಹೋಯಿತು. ದೀಪ ಆರಿತು. ಕತ್ತಲಲ್ಲಿ ಯೂನುಸ್ ಮಗಳ ಕಡೆಗೆ ಕೈಚಾಚಿದ. ಅವಳು ಹಿಂದೆ ಸರಿದು, ಒಳಕ್ಕೆ ತಿರುಗಿ, ಪಿಸುಗುಟ್ಟಿದಳು.

"ಅಪ್ಪಾ... ಅವನು ಇಲ್ಲೇ ನಿಂತಿದಾನೆ."

"ಬಾಗಿಲು ಹಾಕು ಮಗಳೇ," ಎಂದಿತು ಒಳಗಿನ ದನಿ.

ಅವಳು ಹಾಕಿದಳು.

ಬೆಳಗ್ಗೆ ಉಮ್ಹಾನಿ ಹೊರಬಂದು, ಹೊಸ್ತಿಲಲ್ಲಿ ಕುಸಿದಿದ್ದ ಗಂಡನ ಮುಖವನ್ನು ನೇರವಾಗಿ ನೋಡಿ, ತಿರುಕನಿಗೆ ಹಾಕುವಂತೆ ಒಂದು ತುಂಡು ರೊಟ್ಟಿ ಹಾಕಿದಳು. ನನ್ನ ಸೋದರಮಾವ ಹತ್ತಿರ ಹೋಗಿ, ಇವನೇ ಅಲ್ಲವೇನಮ್ಮ ನಿನ್ನ ಗಂಡ, ಎಂದ. ಅವಳಿಗೆ ಸಿಟ್ಟು ಬರಲಿಲ್ಲ. "ಅವರು ಒಳಗೆ ಮಲಗಿದಾರೆ ಮಾವಾ. ರಾತ್ರಿಯೆಲ್ಲ ನೀರು ಕುಡಿದ್ರು. ಮೆಲ್ಲಗೆ ಮಾತಾಡಿ," ಎಂದಳು. ಬಾವಿಯ ಸಂಗತಿಯನ್ನೆಲ್ಲ ಯೂನುಸ್ ಕೈಸನ್ನೆಯಲ್ಲೇ ಹೇಳಿದ. ಸೋದರಮಾವ ತಾಳ್ಮೆಯಿಂದ ಕೂತು ತಿಳಿದುಕೊಂಡ.

ಹಡಗು ಹೊರಡುವ ದಿನ ಜಾಫರ್ ಬಂದು ಹೊರಗಿನಿಂದಲೇ ಕರೆದ. ತಾನಿನ್ನು ಕಡಲಿಗೆ ಬರುವುದಿಲ್ಲವೆಂದು ಒಳಗಿನಿಂದ ಯೂನುಸನ ದನಿ ಹೇಳಿತು. ಜಾಫರ್ ಹೊಸ್ತಿಲಲ್ಲಿದ್ದವನನ್ನು ಬಹಳ ಹೊತ್ತು ನೋಡಿದ. ಅವನಿಗೆ ಗುರುತು ಹತ್ತಿತ್ತು ಎಂದೇ ಸೋದರಮಾವ ಕೊನೆಯ ತನಕ ಹೇಳುತ್ತಿದ್ದ. ಆಮೇಲೆ ಜಾಫರ್ ಬಗ್ಗಿ ಅವನ ರಟ್ಟೆ ಒತ್ತಿ ನೋಡಿದ.

"ಕೂಗೋಕೆ ಆಗದಿದ್ರೇನು, ಹುಟ್ಟು ಹಾಕಲಿ."

ಕಾಲಿಗೆ ಸರಪಳಿ ಬಿತ್ತು. ಖಣ್... ಖಣ್... ಎನ್ನುತ್ತ ಓಣಿ ಇಳಿದು ಹೋಯಿತು. ಆ ಹಡಗು ಎರಡು ಸಲ ಮರಳಿ ಬಂತು. ಅವನು ಬರಲಿಲ್ಲ.

ಒಳಗಿರುವವನ ಮುಖವನ್ನು ನಾವ್ಯಾರೂ ಈ ತನಕ ಕಂಡಿಲ್ಲ. ಸಂಜೆ ಹೊತ್ತು ಮಾತು ಕೇಳಿಸುತ್ತದೆ. ಜಹ್ರಾ ನಗುವುದೂ ಕೇಳಿಸುತ್ತದೆ. ಇನ್ನೊಂದು ಸಂಗತಿ. ನಮ್ಮ ಓಣಿಯ ಮನೆಗಳ ರೊಟ್ಟಿಯೆಲ್ಲ ಬೇಯುವುದು ಒಂದೇ ಒಲೆಯಲ್ಲಿ. ಉಮ್ಹಾನಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಬಿಟ್ಟು ವರ್ಷಗಳಾದವು. ಒಲೆಯವನಿಗೂ ಅದು ಗೊತ್ತು. ಆದರೂ ಅವಳ ರೊಟ್ಟಿ ಕಡಲ ನೀರಿನ ಹಾಗೆ ಉಪ್ಪುಪ್ಪಾಗಿಯೇ ಇರುತ್ತದೆ. ನಂಬದಿದ್ದರೆ ಬಿಡಿ... ನಾನು ತಿಂದಿದ್ದೇನೆ.