ಹಳಿಗೆ ಕಟ್ಟಿದ ಹುಡುಗಿ, ಮುಂದಕ್ಕೆ ಹೋದ ಮದುವೆ

ನಮ್ಮ ಸ್ಕ್ರ್ಯಾಂಟನ್ ಊರಿನ ಮೂಕಿಚಿತ್ರ ಮಂದಿರದ ಮುಂದೆ ಗುರುವಾರದ ಸಾಲು ಎಷ್ಟು ಉದ್ದವೆಂದರೆ, ಅದರ ಬಾಲ ಪಕ್ಕದ ರಾಜ್ಯದಲ್ಲಿತ್ತು. ನನ್ನ ಕಿವಿಯೋ, ಇರುವೆ ಸೀನಿದರೂ ಬಿಡದು. ನನ್ನ ಮುಂದೆ ರೇಷ್ಮೆ ಗಿರಣಿಯ ಕೆಲಸದ ಹುಡುಗಿಯರಾದ ವಿನ್ನಿ, ಡೆಲಿಯಾ ನಿಂತಿದ್ದರು.

“ಡೆಲಿಯಾ, ಇವತ್ತು ನಿನ್ನ ಮದುವೆ ಅಲ್ವೇನೇ?” ಎಂದಳು ವಿನ್ನಿ.

“ಮುಂದಕ್ಕೆ ಹಾಕ್ಸಿದೆ. ಹೋದ ವಾರ ಈ ಧಾರಾವಾಹಿ ಸಿನಿಮಾದಲ್ಲಿ ಆ ಹುಡುಗೀನ ರೈಲು ಹಳಿಗೆ ಕಟ್ಟಿ ಕಂತು ಮುಗಿಸಿಬಿಟ್ರಲ್ಲ.”

“ಬದುಕ್ತಾಳೆ ಬಿಡೇ. ಪ್ರತಿ ವಾರ ಬದುಕ್ತಾಳೆ.”

“ಅದು ನಂಗೂ ಗೊತ್ತು ಕಣೇ. ಹೇಗೆ ಅಂತ ನೋಡ್ಬೇಡ್ವಾ? ನಾಳೆ ರೀಲು ಬೇರೆ ಊರಿಗೆ ಹೋಗುತ್ತೆ.”

“ನಿನ್ನ ಮಾರ್ಟಿನ್ ಬಿಟ್ಟು ಹೋದ್ರೆ?”

“ಹೋಗ್ತೀನಿ ಅಂತ್ಲೇ ಹೊರಟ. ಪಾದ್ರಿಗಳು ತಡೆದ್ರು. ಗುರುವಾರ ಬೇಡ, ಶನಿವಾರ ಮಾಡೋಣ ಅಂದ್ರು.”

“ಯಾಕಂತೆ?”

“ಅಗೋ, ಸಾಲಿನ ಮೊದಲಲ್ಲಿ ಟೋಪಿ ಕಣ್ಣಿಗೆಳ್ಕೊಂಡು ನಿಂತಿದ್ದಾರೆ. ನೀನೇ ಕೇಳು.”

ಬಾಗಿಲು ತೆರೆಯಿತು. ಎಲ್ಲರೂ ಒಳಗೆ ನುಗ್ಗಿದರು, ಎಲ್ಲರಿಗಿಂತ ಮೊದಲು ಪಾದ್ರಿ.