ತೀರಿಕೊಂಡ ಅತ್ತೆಯ ಒಪ್ಪಿಗೆ ಪತ್ರ

ಹೆಸರು ಛಾಯಾ, ಗಂಡ ಕಲ್ಯಾಣಪ್ಪ ಬಿರಾಜದಾರ, ವಯಸ್ಸು 44, ಉದ್ಯೋಗ ಒಕ್ಕಲುತನ, ವಾಸ ಮಂದ್ರೂಪ, ತಾಲೂಕು ದಕ್ಷಿಣ ಸೊಲ್ಲಾಪುರ. ಮರಾಠಿ ಬಂದರೂ ಸಿಟ್ಟಿನಲ್ಲಿ ನನಗೆ ಕನ್ನಡವೇ ಬರುವುದರಿಂದ, ಅಕ್ಕಲಕೋಟ ಠಾಣೆಯ ಕನ್ನಡ ಬಲ್ಲ ಹವಾಲ್ದಾರರ ಮುಂದೆ ಇಂದು ಬರೆಸುವುದೇನೆಂದರೆ:

ನನ್ನ ಅತ್ತೆ ನೀಲಗಂಗಾ ಶುಗರ್ ಕಾಯಿಲೆಯಿಂದ ಕಾಲು ಕಳೆದುಕೊಂಡು 14-9-2023ರಂದು ತೀರಿಕೊಂಡರು. ಎಪ್ಪತ್ತೈದು ತುಂಬಿದ ದಿನ ಅವರ ತಂಗಿ ಸಕ್ಕುಬಾಯಿ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದಾಗ ತೆಗೆದ ಫೋಟೊವನ್ನು ಸೊಲ್ಲಾಪುರದ ಒಂದು ಅಂಗಡಿಗೆ ಕೊಟ್ಟು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿದ್ದೆವು. ಆ ಫೋಟೊ ಬೇರೆ ಯಾರಿಗೂ ಕೊಟ್ಟಿಲ್ಲ.

ಸಕ್ಕುಬಾಯಿ, ವಯಸ್ಸು 71, ನಮ್ಮ ಮನೆಯಲ್ಲೇ ಇರುತ್ತಾರೆ. ಅವರಿಗೂ ಶುಗರ್ ಇದೆ. 1-11-2025ರಂದು ಮುಂಜಾನೆ 8 ಗಂಟೆಗೆ ಮೊಬೈಲಿನಲ್ಲಿ ಒಂದು ಚೂರ್ಣದ ಜಾಹೀರಾತು ಬಂದಿತು. ಅದರಲ್ಲಿ ನಮ್ಮ ಅತ್ತೆ ನಗುತ್ತಿದ್ದರು. ನಲವತ್ತು ದಿನದಲ್ಲಿ ನನ್ನ ಶುಗರ್ ಹೋಯಿತು, ಗುಳಿಗೆ ಬಿಟ್ಟೆ ಎಂದು ಕೆಳಗೆ ಬರೆದಿತ್ತು. ಸುಳ್ಳೆಂದು ನಾನು ಬಡಿದುಕೊಂಡೆ. ಸಕ್ಕುಬಾಯಿ ಕೇಳಲಿಲ್ಲ. ಅಕ್ಕ ಸಾಯುವ ಮೊದಲೇ ಹೇಳಿಟ್ಟಿರಬೇಕು, ತಾನು ತಡಮಾಡಿ ತಿಂದಳು, ತಂಗಿಯಾದರೂ ಬೇಗ ತಿನ್ನಲಿ ಎಂದು ಎಚ್ಚರಿಸುತ್ತಿದ್ದಾಳೆ ಎಂದರು. ಡಾಕ್ಟರ ಗುಳಿಗೆ ನಿಲ್ಲಿಸಿ ಚೂರ್ಣ ತರಿಸಿಕೊಂಡರು. 10ರಂದು ಅವರ ಶುಗರ್ 412 ಇತ್ತು. ಎಡಗಾಲ ಹೆಬ್ಬೆರಳಿಗೆ ಗುಳ್ಳೆ ಎದ್ದಿತ್ತು. ಅತ್ತೆಗೂ ಶುರುವಾದದ್ದು ಅಲ್ಲಿಂದಲೇ. ನನಗೆ ಬಹಳ ಹೆದರಿಕೆಯಾಯಿತು.

ಚೂರ್ಣದವರು ಇಂದು ಅಕ್ಕಲಕೋಟಕ್ಕೆ ಬರುವ ಸುದ್ದಿ ಸಿಕ್ಕಿತು. ಇನ್ನೊಂದು ಡಬ್ಬಿ ಕೊಡಿಸುತ್ತೇನೆಂದು ಸುಳ್ಳು ಹೇಳಿ ಸಕ್ಕುಬಾಯಿಯನ್ನು ಕರೆತಂದೆ. ಆ ಸುಳ್ಳು ನನ್ನದು, ಅದನ್ನೂ ಬರೆದುಕೊಳ್ಳಿರಿ.

10.40ಕ್ಕೆ ತಲುಪಿದೆವು. ಬಸ್ ಸ್ಟ್ಯಾಂಡಿನಿಂದ ಸುಮಾರು 150 ಅಡಿ ದೂರದ ಪೆಂಡಾಲಿನಲ್ಲಿ ಅತ್ತೆಯ ಹತ್ತು ಅಡಿ ಫ್ಲೆಕ್ಸ್ ಇತ್ತು, ಮುಖದ ಕೆಳಗೆ ಜಾಹೀರಾತಿನ ಅದೇ ಮಾತುಗಳಿದ್ದವು. 17 ಜನ ಸಾಲಿನಲ್ಲಿದ್ದರು. ನಿಲೇಶ ಎಂಬ ಮಾರುವವನು, ಈ ಅಜ್ಜಿ ನಿನ್ನೆ ತಾನೇ ಫೋನ್ ಮಾಡಿ ಹರಸಿದರು ಎಂದು ಮೈಕಿನಲ್ಲಿ ಹೇಳುತ್ತಿದ್ದ. ಫೋಟೊಕ್ಕೆ ಪರವಾನಗಿ ಇದೆಯೇ ಎಂದು ಕೇಳಿದೆ. ತಮ್ಮದೆಲ್ಲ ಕಾಯದೇಶೀರ, ಕಾನೂನಿನ ಪ್ರಕಾರವೇ ಇದೆ ಎಂದು ಒಪ್ಪಿಗೆ ಪತ್ರ ತೋರಿಸಿದ. ಅದರಲ್ಲಿ 4-10-2025ರ ತಾರೀಖು, ಕೆಳಗೆ ಅತ್ತೆಯ ಇಂಗ್ಲಿಷ್ ಸಹಿ. ನಮ್ಮ ಅತ್ತೆ ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದವರು.

ಆಗ ನಾನು, "ನಿನ್ನೆ ಫೋನ್ ಬಂದಿತ್ತಂದ್ರಿ. ಈಗೊಮ್ಮಿ ಹಚ್ಚಿ ಕೊಡ್ರಿ. ಎರಡು ವರ್ಷ ಆತು, ಅತ್ತಿ ಸಂಗಟ ಮಾತಾಡಿಲ್ಲ" ಎಂದೆ.

ಅವನು ಕಿಸೆಗೆ ಕೈ ಹಾಕಿದ, ಫೋನ್ ತೆಗೆಯಲಿಲ್ಲ. ನಾನು ಮರಣ ದಾಖಲೆಯನ್ನು ಮೇಜಿನ ಮೇಲಿಟ್ಟೆ. ಒಂದೇ ಹೆಸರಿನವರು ಬಹಳ ಇರುತ್ತಾರೆ ಎಂದು ತೊದಲಿದ. ಸಕ್ಕುಬಾಯಿ ಫ್ಲೆಕ್ಸಿನ ಹತ್ತಿರ ಹೋದರು. ಫೋಟೊದಲ್ಲಿನ ಹಾರವನ್ನು ಚೂರ್ಣದವರು ಅಳಿಸಿದ್ದರು, ಆದರೂ ಬಲಭುಜದ ಮೇಲೆ ಎರಡು ಹಳದಿ ಎಸಳು ಉಳಿದಿದ್ದವು. ಅವುಗಳ ಮೇಲೆ ಬೆರಳಿಟ್ಟು, "ಈ ಹಾರಾ ನಾ ಹಾಕೀನಿ. ನಮ್ಮಕ್ಕ ಸುಳ್ಳ ಹೇಳೂಕಿ ಅಲ್ಲ. ಅಕೀ ಬಾಯಾಗ ಸುಳ್ಳ ತುರುಕಿದಾಂವ ನೀ" ಎಂದರು.

ಸಾಲಿನವರು ಡಬ್ಬಿಗಳನ್ನು ಮೇಜಿನ ಮೇಲೆ ತಿರುಗಿ ಇಟ್ಟರು. ಶುಗರ್ ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದೇ ಗುನ್ಹೆ ಎಂದು ಫಾರ್ಮಸಿ ಓದುವ ಮಗಳು ಸ್ನೇಹಲ ಹೇಳಿಕೊಟ್ಟಿದ್ದಳು, ಅದನ್ನು ಅವನದೇ ಮೈಕಿನಲ್ಲಿ ಹೇಳಿದೆ. ಅತ್ತೆಯ ಎದುರು ನಾನು ದನಿ ಎತ್ತಿದ್ದು ಇದೇ ಮೊದಲು. ಬಹಳ ಸಂತೋಷವಾಯಿತು. ಅವನು ಜೀಪು ಹತ್ತಹೋದಾಗ ಹೆಂಗಸರು ಅಡ್ಡ ನಿಂತರು. 11.15ಕ್ಕೆ ಪೊಲೀಸರು ಬಂದರು.

12.05ಕ್ಕೆ ಇದೇ ಠಾಣೆಯಲ್ಲಿ ಸಕ್ಕುಬಾಯಿ ತಾವಾಗಿಯೇ ಗುಳಿಗೆ ಕೇಳಿ ನುಂಗಿದ್ದಾರೆ. ಫ್ಲೆಕ್ಸ್ ಜಪ್ತಿಗೆ ನಮ್ಮ ತಕರಾರಿಲ್ಲ. ಪ್ರಕರಣ ಮುಗಿದ ಮೇಲೆ ಅತ್ತೆಯ ಮುಖವಿರುವ ತುಂಡು ನಮಗೆ ಬೇಕು. ಕೆಳಗಿನ ಮಾತುಗಳನ್ನು ನೀವೇ ಇಟ್ಟುಕೊಳ್ಳಿರಿ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ.

ಅಕ್ಕಲಕೋಟ, 12-11-2025
ಸಹಿ: ಛಾಯಾ ಬಿರಾಜದಾರ
ಸಾಕ್ಷಿ: ಸಕ್ಕುಬಾಯಿ, ಎಡಗೈ ಹೆಬ್ಬೆಟ್ಟು